ಸುಣ್ಣ ಬಳಿದ ಉಬ್ಬು

ಮನೆಯೆದುರಿನ ರಸ್ತೆ ಉಬ್ಬಿಗೆ ಸುವರ್ಣಾ ಅರ್ಧ ಸುಣ್ಣ ಬಳಿದಿದ್ದಳು. ಅಷ್ಟರಲ್ಲಿ ಅಂಬೇವಾಡಿ ಕಡೆಯಿಂದ ಜೀಪೊಂದು ಬಂದು ಅವಳ ಮಗ್ಗುಲಲ್ಲೇ ನಿಂತಿತು. ಹಿಂದೆ ಹಳದಿ ಜೆಸಿಬಿ.

ಅವಳ ಕೈ ನಿಂತಿತು. ಬ್ರಶ್ಶಿನಿಂದ ಸುಣ್ಣ ತೊಟ್ಟಿಕ್ಕಿತು.

ಒಂದು ಬೆಳಗೂ ತಪ್ಪದ ಕೆಲಸ ಅದು. ಅಂಗಳ ಗುಡಿಸಿ, ಹೊಸ್ತಿಲು ತೊಳೆದು, ಒಲೆಯ ಮೇಲೆ ನೀರಿಟ್ಟು, ಸುಣ್ಣದ ಡಬ್ಬಿ ಹಿಡಿದು ರಸ್ತೆಗೆ ಇಳಿಯುವಳು. ಸಂಜೆಯೊಳಗೆ ಗಾಲಿಗಳಿಗೆ ಸಿಕ್ಕಿ ಸುಣ್ಣ ಅಳಿಸಿಹೋಗುತ್ತಿತ್ತು. ಅಳಿಸಿದರೆ ಉಬ್ಬು ರಸ್ತೆಯ ಬಣ್ಣದಲ್ಲೇ ಸೇರಿಹೋಗುತ್ತಿತ್ತು. ಗಂಡ ಸತ್ತ ಜಾಗಕ್ಕೆ ಇದೊಂದು ಪೂಜೆ ಹಿಡಿದಿದ್ದಾಳೆ ಎಂದು ಬಸ್ಸಿನವರು ಆಡಿಕೊಳ್ಳುತ್ತಿದ್ದರು. ಕೇರಿಯವರು ಏನೂ ಅನ್ನುತ್ತಿರಲಿಲ್ಲ.

ಜೀಪಿನಿಂದ ಇಳಿದ ಇಂಜಿನಿಯರ್ ಬಸಲಿಂಗಯ್ಯ ಉಬ್ಬನ್ನು ಬೂಟಿನಿಂದ ಒತ್ತಿ ನೋಡಿದರು.

"ಯಾರು ಹಾಕಿದ್ದಿದು? ಯಾರನ್ನ ಕೇಳಿ ಹಾಕೀರಿ?"

ಕೇರಿಯ ನಾಲ್ಕಾರು ಮನೆಗಳ ಬಾಗಿಲು ಒಟ್ಟಿಗೇ ತೆರೆದವು. ಪಕ್ಕದ ಮನೆಯ ಮಾರ್ಥಾ ಬಂದವಳೇ ಜೆಸಿಬಿಯ ಮುಂದೆ ರಸ್ತೆಯ ಮೇಲೆ ಕೂತುಬಿಟ್ಟಳು.

"ಹಂಪ್ಸ್ ಹಾಕ್ರಿ, ಹಂಪ್ಸ್ ಹಾಕ್ರಿ ಅಂತ ನಿಮ್ಮ ಆಫೀಸಿಗೆ ಅಡ್ಡಾಡಿ ನಮ್ಮ ಚಪ್ಪಲಿ ಸವದ್ವು ಸಾಹೇಬ್ರ. ಆವಾಗ ಒಂದ ಸೈಕಲ್ಲೂ ಈ ಕಡೆ ಬರ್ಲಿಲ್ಲ. ಕೀಳಾಕ ಮಾತ್ರ ಜೆಸಿಬಿ ಬಂತ ನೋಡ್ರಿ! ನಾವ ಹಾಕೀವಿ. ಹೊಳಿ ಕಲ್ಲು ಹೊತ್ತ ತಂದು ಹಾಕೀವಿ. ಹುಡುಗೂರು ಸೈತ ಮಡಿಲಾಗ ತಂದಾವು. ಮ್ಯಾಲ ಡಾಂಬರು ಸುರುವೀವಿ. ಏನ್ ಮಾಡ್ತೀರಿ?"

ಬಸಲಿಂಗಯ್ಯ ನಗಲಿಲ್ಲ. "ನೋಡ್ರಿ ಅಕ್ಕಾರ, ಇದಕ್ಕ ಅಳತಿ ಇಲ್ಲ, ಬೋರ್ಡ್ ಇಲ್ಲ. ಕಾನೂನಿಗೆ ಬರಂಗಿಲ್ಲ. ಹಾಕಿದವರ ಮ್ಯಾಲನ ಕೇಸ್ ಆಗ್ತೈತಿ."

ಮಾರ್ಥಾ ಬಾಯಿ ಮುಚ್ಚಿದಳು. ಹಿರಿಯ ಪರಸಪ್ಪ ಟವೆಲ್ಲು ಹೆಗಲಿಗೆ ಹಾಕಿಕೊಂಡು ಮುಂದೆ ಬಂದ.

"ಸುಮ್ಮನ ಹಾಕಿಲ್ರಿ. ಸುಭಾಸ ಹೋದ ಮ್ಯಾಲ ಹಾಕೀವಿ. ಈ ಸುವರ್ಣಾನ ಗಂಡ. ಇಲ್ಲೇ, ಇದ ಜಾಗಾದಾಗ ಕಟಗಿ ಲಾರಿ ಹೊಡದು ಹೋತು. ನಮ್ಮ ಕಣ್ಣ ಮುಂದನ."

"ಲಾರಿ ನಂಬರ್?"

"ಮುಚ್ಚಂಜಿ ಹೊತ್ತು ರೀ, ಮಳಿ ಬ್ಯಾರೆ. ಯಾರಿಗೆ ಕಾಣ್ತೈತಿ?"

ಸುವರ್ಣಾ ಬೆರಳಿಗೆ ಅಂಟಿದ ಸುಣ್ಣವನ್ನು ಸೆರಗಿಗೆ ಒರೆಸಿಕೊಂಡಳು.

ಸುಭಾಸ ಗೋವಾದ ಫೋಂಡಾದಲ್ಲಿ ಕ್ರೇನ್ ನಡೆಸುತ್ತಿದ್ದ. ಹದಿನೈದು ದಿನಕ್ಕೊಮ್ಮೆ ಬೈಕಿನಲ್ಲಿ ಮನೆಗೆ ಬರುತ್ತಿದ್ದ. ಈ ರಸ್ತೆಯ ತಗ್ಗು ತಿರುವುಗಳೆಲ್ಲ ಅವನಿಗೆ ಬಾಯಿಪಾಠ. ಕಣ್ಣು ಮುಚ್ಚಿಕೊಂಡು ಬರ್ತೇನಿ ಎಂದು ನಗುತ್ತಿದ್ದ. ಕೇರಿಯಲ್ಲಿ ಎಮ್ಮೆ ಈದರೂ ಸುವರ್ಣಾ ಅವನಿಗೆ ಫೋನಿನಲ್ಲಿ ಹೇಳುತ್ತಿದ್ದಳು. ಆ ವಾರ ಮಾತ್ರ ಗಾಳಿಮಳೆಗೆ ಟವರ್ ಕೆಟ್ಟಿತ್ತು. ಅವನು ಹೊರಡುವ ಮೊದಲು ಹೇಳಬೇಕಾದ ಒಂದು ಮಾತು ಅವಳ ಬಾಯಲ್ಲೇ ಉಳಿಯಿತು.

ಮಗಳು ದ್ರಾಕ್ಷಾಯಣಿ ಬಾಗಿಲ ಚೌಕಟ್ಟು ಹಿಡಿದು ಎಲ್ಲವನ್ನೂ ನೋಡುತ್ತ ನಿಂತಿದ್ದಳು. ಏಳು ವರ್ಷದ ಕೂಸು. ಆ ಸಂಜೆಯೂ ಅಲ್ಲೇ ನಿಂತಿದ್ದಳು, ಅಪ್ಪನ ಬೈಕಿನ ದೀಪ ಕಾಯುತ್ತ. ಅಂದಿನಿಂದ ಅವಳ ಮಾತು ಕಡಿಮೆಯಾಯಿತು, ಆಟ ನಿಂತಿತು. ಮೊದಲು ಹೊತ್ತು ಮುಳುಗುವ ತನಕ ಕಟ್ಟೆಯ ಮೇಲೆ ಕಲ್ಲು ಹಾರಿಸಿ ಹಿಡಿಯುತ್ತ ಕೂರುತ್ತಿದ್ದವಳು. ಮೊನ್ನೆ ಮಾರ್ಥಾ ನುಣುಪಾದ ಐದು ಹೊಳೆಗಲ್ಲು ಆರಿಸಿ ತಂದು ಕೊಡಲು ಹೋದರೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು.

ಜಡೆ ಹಾಕುವಾಗ, ತಟ್ಟೆಯ ಮುಂದೆ ಕೂತಾಗ, ಏನೋ ಕೇಳಲು ಬಾಯಿ ತೆರೆಯುವಳು. "ಏನವಾ?" ಎಂದು ಸುವರ್ಣಾ ಗಲ್ಲ ಹಿಡಿದು ಕೇಳಿದರೆ ತಲೆ ತಗ್ಗಿಸುವಳು. ಸುವರ್ಣಾ ಒತ್ತಾಯಿಸಲಿಲ್ಲ. ಅಪ್ಪ ಯಾವಾಗ ಬರುತ್ತಾನೆ ಎಂದು ಕೇಳಿದರೆ ಏನು ಹೇಳಬೇಕೆಂಬುದನ್ನು ಪಾತ್ರೆ ತಿಕ್ಕುವಾಗೆಲ್ಲ ಮನಸ್ಸಿನಲ್ಲೇ ಹೊಂದಿಸಿಟ್ಟುಕೊಂಡಿದ್ದಳು.

ಶಾಲೆ ಇದ್ದದ್ದು ರಸ್ತೆಯ ಆಚೆ ಬದಿ. ಕಟ್ಟಿಗೆಯ ಲಾರಿಗಳು, ಉಳವಿಗೆ ಹೋಗುವ ಕಾರುಗಳು, ರೆಸಾರ್ಟಿನ ಜೀಪುಗಳು ಎಲ್ಲವೂ ಈ ಇಳಿಜಾರಿನಲ್ಲಿ ಹಾರಿಕೊಂಡೇ ಬರುತ್ತಿದ್ದವು. ಉಬ್ಬು ಬಂದ ಮೇಲೆ ಬ್ರೇಕ್ ಹಾಕುತ್ತಿದ್ದವು. ಅದನ್ನು ಇವತ್ತು ಕಿತ್ತರೆ, ನಾಳೆ ಮಗಳ ಕೈ ಬಿಟ್ಟು ಕಳಿಸುವುದು ಹೇಗೆ?

"ನೀವ ಹೇಳ್ರಿ ತಂಗಿ," ಎಂದರು ಬಸಲಿಂಗಯ್ಯ. "ಏನ್ ಮಾಡೂಣು?"

ಕೇರಿಯೆಲ್ಲ ಅವಳ ಬಾಯಿ ನೋಡಿತು. ಪರಸಪ್ಪ ಹೆಗಲ ಟವೆಲ್ಲಿನ ತುದಿಯನ್ನು ಹಿಂಡಿದ.

"ನನ್ನ ಗಂಡನ ಜೀವ ಇದರಾಗ ಐತ್ರಿ," ಎಂದಳು ಸುವರ್ಣಾ. "ಕೀಳಬ್ಯಾಡ್ರಿ. ಅಳಸಲಾರದಂಥಾ ಬಣ್ಣ ಹಚ್ರಿ. ದೂರಿಂದ ಕಾಣೂವಂಗ ಒಂದ ಬೋರ್ಡ್ ಹಾಕ್ರಿ. ಬರಾವರಿಗೆ ಮೊದಲ ಗೊತ್ತಾಗಬೇಕ್ರಿ..."

ಮಾರ್ಥಾ ಎದ್ದು ಬಂದು ಅವಳ ಹೆಗಲು ಹಿಡಿದಳು.

ಬಸಲಿಂಗಯ್ಯ ಉಬ್ಬಿನ ಅಗಲವನ್ನು ಹೆಜ್ಜೆಯಲ್ಲಿ ಅಳೆದರು. ಆಮೇಲೆ ಜೆಸಿಬಿಯವನಿಗೆ ಕೈ ಬೀಸಿದರು. ಗಾಡಿ ಗುರ್ರೆಂದು ಹಿಂದೆ ಸರಿಯಿತು.

"ಬೋರ್ಡು, ಬಣ್ಣ ನಾ ಮಾಡಸ್ತೇನಿ. ಅಳತಿಗೆ ತಂದು ಇಟ್ಟರಾತು. ಅಲ್ಲೀತನಕ ನಿಮ್ಮ ಸುಣ್ಣ ಬಿಡಬ್ಯಾಡ್ರಿ."

ಪರಸಪ್ಪ ಉಸಿರು ಬಿಟ್ಟ. ಮಾರ್ಥಾಳಿಗೆ ಬಾಯಿ ಮರಳಿ ಬಂತು. "ಚಾ ಕುಡದ ಹೋಗ್ರಿ ಸಾಹೇಬ್ರ. ನಿಮ್ಮ ಜೆಸಿಬಿಗೂ ಒಂದ ಕಪ್ ಕುಡಸ್ತೇನಿ, ಪಾಪ, ಬೆಳಬೆಳಗ್ಗೆ ಉಪಾಸ ಬಂದೈತಿ!"

ಎಲ್ಲರೂ ನಕ್ಕರು. ಬಸಲಿಂಗಯ್ಯನವರೂ ನಕ್ಕು, ಬಾಗಿಲ ಬಳಿ ಹೋಗಿ, ಹುಡುಗಿಯ ಮುಂದೆ ಕುಕ್ಕರಗಾಲಲ್ಲಿ ಕೂತರು.

"ನಿಮ್ಮಪ್ಪನ ಸಲುವಾಗಿ ಊರ ಮಂದಿ ಎಂಥಾ ಚಲೋ ಕೆಲಸ ಮಾಡ್ಯಾರ ನೋಡವಾ."

ದ್ರಾಕ್ಷಾಯಣಿ ಅವರನ್ನು ನೋಡಲಿಲ್ಲ. ಅರ್ಧ ಬಿಳಿ, ಅರ್ಧ ಕಪ್ಪಾಗಿ ಮಲಗಿದ್ದ ಉಬ್ಬನ್ನು ನೋಡಿದಳು. ಬೆನ್ನ ಹಿಂದೆ ಕೈ ಕಟ್ಟಿಕೊಂಡಳು. ಬಾಯಿ ತೆರೆದಳು. ಈ ಸಲ ಮುಚ್ಚಲಿಲ್ಲ.

"ಅವ್ವಾ, ಅಪ್ಪನ ಬೈಕು ಹಾರಿ ಬಿದ್ದದ್ದು ನಾ ಮಡಿಲಾಗ ತಂದ ಕಲ್ಲಿಗೇನು?"