ಒಂದಕ್ಷರದ ದೋಷ

ಅವ್ವನ ವರ್ಷದ ತಿಥಿಗೆ ಮುಂಚೆ ಅವಳ ನೆನಪಿನ ಬಿಲ್ಲೆಗಳನ್ನು ತಾಳೆ ನೋಡಿಸಲು ದೇವೀರಮ್ಮ ತಮ್ಮನಾದ ಬೋರೇಶನ ಜೊತೆ ಅಂಗಡಿಗೆ ಬಂದಳು. ಸತ್ತವರ ನೆನಪನ್ನು ಮೂರು ಬಿಲ್ಲೆಗಳಿಗೆ ಇಳಿಸುತ್ತಾರೆ. ಕೊಳ್ಳಿಯಿಟ್ಟ ಮಗನಿಗೆ ಎರಡು, ಮಗಳಿಗೆ ಒಂದು, ಅದೇ ಪದ್ಧತಿ. ಬಿಲ್ಲೆ ಹಳತಾದಂತೆ ಅಲ್ಲಲ್ಲಿ ಕೆಡುತ್ತದೆ. ಆಗ ಎರಡು ಬಿಲ್ಲೆ ಹೇಳಿದ್ದನ್ನೇ ಮೂರನೆಯದಕ್ಕೂ ಬರೆಯುತ್ತಾರೆ.

ಅಂಗಡಿಯವನು ಅವ್ವನ ಕೊನೆಯ ಮಾತು ಹಾಕಿದ. ಬೋರೇಶನ ಎರಡೂ ಬಿಲ್ಲೆಗಳು, “ಬೋರೇಶ... ಕಂದ” ಎಂದವು. ದೇವೀರಮ್ಮನದು, “ಬೋರೇಶ... ಕೊಂದ” ಎಂದಿತು.

“ಒಂದಕ್ಷರದ ದೋಷ ಕಣಕ್ಕ. ಈಗ್ಲೇ ಸರಿ ಮಾಡ್ತೀನಿ,” ಎಂದ ಅಂಗಡಿಯವನು.

“ನಂದು ಕೆಟ್ಟಿಲ್ಲ ಕಣಪ್ಪ, ಮೊದಲ ದಿನದಿಂದ ಹಿಂಗೇ ಹೇಳ್ತದೆ. ಅವೆರಡೂ ವರ್ಷವೆಲ್ಲ ಇವನ ಮನೇಲೇ ಇದ್ವು.”

“ಎರಡೂ ಒಂದೇ ಥರ ಕೆಡ್ತಾವಾ ಅಕ್ಕ?” ಎಂದ ಅಂಗಡಿಯವನು.

“ಕೆಡಲ್ಲ. ಕೆಡಿಸ್ತಾರೆ.”

ಬೋರೇಶ ಕಣ್ಣೊರೆಸಿಕೊಂಡ. “ಅವ್ವನ ಬಾಯಲ್ಲಿ ಅಂಥ ಮಾತು ಯಾಕಿರಬೇಕು? ನೀನು ಒತ್ತಣ್ಣ.”

ಅಂಗಡಿಯವನು ಗುಂಡಿ ಒತ್ತಿದ. ಮೂರೂ ಬಿಲ್ಲೆಗಳು ಒಟ್ಟಿಗೆ “ಕಂದ” ಎಂದವು.

ಬೋರೇಶ ಒಂದು ಬಿಲ್ಲೆಯನ್ನೆತ್ತಿ ಅಕ್ಕನ ಕೈಗಿಟ್ಟ. ಅದು ಅವಳದೋ ತನ್ನದೋ ಎಂದು ನೋಡಲೂ ಇಲ್ಲ.