ಬೆನ್ನಿಗೆ ಬಿದ್ದ ಅಡುಗೆಮನೆ

ಕೊತ್ತಗೆರೆಯ ಕೆರೆ ಏರಿಯ ಪಕ್ಕ, ಹುಣಸೆಮರದ ನೆರಳಲ್ಲಿ ಭೀಮರಾಜ್ ತಾನೇ ಕಟ್ಟಿದ ಅಡುಗೆ ಟ್ರೈಲರನ್ನು ಓಮ್ನಿ ವ್ಯಾನಿನಿಂದ ಬಿಚ್ಚಿ ನಿಲ್ಲಿಸಿದ. ಹಿಂದಿನ ಬಾಗಿಲನ್ನು ಮೇಲಕ್ಕೆತ್ತಿ ಸಿಕ್ಕಿಸಿ, "ಬಾ, ನೋಡು" ಎಂದು ಹೆಂಡತಿಯನ್ನು ಕರೆದ. ಕೋಮಲಾ ಹೋಗಿ ನಿಂತಳು. ಒಲೆ ಕಟ್ಟೆ ಅವಳ ಎದೆಮಟ್ಟಕ್ಕಿತ್ತು. ಒಲೆಯ ಮೇಲೆ ಪಾತ್ರೆ ಇಟ್ಟರೆ ಒಳಗೆ ಏನು ಬೇಯುತ್ತಿದೆ ಎಂದು ನೋಡಲು ತುದಿಗಾಲಲ್ಲಿ ನಿಲ್ಲಬೇಕು.

ಇಷ್ಟು ದಿನ ನುಂಗಿಕೊಂಡಿದ್ದ ಸಿಟ್ಟು ಗಂಟಲಿಗೆ ಬಂತು. ಕಳೆದ ಸಲ ಟೂರು ಹೊರಟಾಗ ಒಲೆ ವ್ಯಾನಿನ ಒಳಗೇ ಇತ್ತು. ಮಲಗುವ ಹಾಸಿಗೆಯೆಲ್ಲ ಒಗ್ಗರಣೆ ಘಾಟು. ಬಟವಾಡಿಯಲ್ಲಿರುವ ತಮ್ಮ ಮನೆಗೆ ವಾಪಸ್ ಬಂದು ಅವಳು ಹೇಳಿದ್ದಳು: "ಮನೇಲೂ ಒಲೆ ಮುಂದೆ, ಅಲ್ಲೂ ಒಲೆ ಮುಂದೆ. ಟೂರು ನಿಮ್ಗೆ, ನಂಗೇನು?" ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ವೆಲ್ಡಿಂಗ್ ಮಾಡುವ ಗಂಡನಿಗೆ ಮಾತು ಕಡಿಮೆ. ಮುಂದಿನ ಭಾನುವಾರ ಕಬ್ಬಿಣದ ಪೈಪು ತಂದು ಮನೆ ಮುಂದೆ ಹಾಕಿದ. ಒಲೆಯನ್ನು ಬೇರೆ ಗಾಡಿಗೆ ಹಾಕಿ ವ್ಯಾನಿನ ಹಿಂದೆ ಕಟ್ಟುತ್ತಾನಂತೆ! ಗುಬ್ಬಿಯಲ್ಲಿರುವ ತಂಗಿ ಅರುಣಾ ಫೋನಿನಲ್ಲಿ ಬಿದ್ದು ಬಿದ್ದು ನಕ್ಕಿದ್ದಳು. "ಅಕ್ಕಾ, ಭಾವ ಅಡುಗೆಮನೆಗೆ ಚಕ್ರ ಹಾಕ್ತವ್ರೆ. ಇನ್ಮೇಲೆ ನೀನು ಎಲ್ಲಿಗೋದ್ರೂ ಅದು ನಿನ್ನ ಬೆನ್ನಿಗೆ ಬೀಳುತ್ತೆ ನೋಡು."

ಬಿದ್ದೇಬಿಟ್ಟಿತ್ತು. ಅದೂ ಎಂಥದ್ದು? ಸಿಲಿಂಡರ್ ಅಳೆದ, ನೀರಿನ ಕ್ಯಾನ್ ಅಳೆದ, ಒಗ್ಗರಣೆ ಡಬ್ಬಿಯನ್ನೂ ಬಿಡದೆ ಅಳೆದ. ನಿಂತು ಬೇಯಿಸುವವಳನ್ನು ಮಾತ್ರ ಒಂದು ಸಲವೂ ಕರೆದು ನಿಲ್ಲಿಸಲಿಲ್ಲ. ಇವತ್ತೂ ಹೀಗೇ ಆದರೆ ಇದೇ ಕೊನೆ, ಇನ್ನು ಇವರ ಜೊತೆ ಎಲ್ಲಿಗೂ ಬರುವುದಿಲ್ಲ ಎಂದು ದಾರಿಯುದ್ದಕ್ಕೂ ಅಂದುಕೊಂಡೇ ಬಂದಿದ್ದಳು.

"ಇಷ್ಟು ವರ್ಷ ಸಂಸಾರ ಮಾಡಿದೀರ, ಹೆಂಡ್ತಿ ಎಷ್ಟೆತ್ತರ ಅಂತ ಗೊತ್ತಿಲ್ವೇನ್ರೀ?"

ಭೀಮರಾಜ್ ಹೆಗಲ ಮೇಲಿನ ಟವಲು ತೆಗೆದು ಸೊಂಟಕ್ಕೆ ಸುತ್ತಿಕೊಂಡ. "ಗೊತ್ತು ಕಣೇ. ಅದು ನಿನ್ನ ಅಳತೇದಲ್ಲ, ನನ್ನ ಅಳತೇದು."

ಕೋಮಲಾ ಪಕ್ಕಕ್ಕೆ ಸರಿದಳು, ಅವನು ಒಲೆ ಮುಂದೆ ನಿಂತ. ಕಟ್ಟೆ ಅವನ ಸೊಂಟಕ್ಕೆ ಸರಿಯಾಗಿ ಕೂತಿತ್ತು. ಫ್ಯಾಕ್ಟರಿ ಕ್ಯಾಂಟೀನಿನ ಬೆಟ್ಟಯ್ಯನ ಹತ್ತಿರ ಸೊಪ್ಪಿನ ಸಾರು ಕಲಿತಿದ್ದಾನಂತೆ. ಅವಳು ನೋಡುತ್ತಿದ್ದ ಹಾಗೇ ಸಾರಿಗಿಟ್ಟ, ಎಸರಿಟ್ಟ, ರಾಗಿಹಿಟ್ಟು ಸುರಿದ, ಕೋಲು ಹಿಡಿದು ಮುದ್ದೆ ತಿರುವಲು ಶುರುಮಾಡಿದ. ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ಅವನು ಬಲ ಹಾಕಿ ಒಂದು ಸುತ್ತು ತಿರುವಿದ್ದೇ ತಡ, ಎರಡೇ ಚಕ್ರದ ಆ ಗಾಡಿ ತೊಟ್ಟಿಲ ಹಾಗೆ ತೂಗತೊಡಗಿತು. ಸಾರಿಗೆ ಮುಚ್ಚಿದ್ದ ತಟ್ಟೆ ಜಾರಿತು, ಲೋಟಗಳು ದಡದಡನೆ ಕೆಳಗೆ ಬಿದ್ದವು.

"ಟೀ ಕಾಯ್ಸಿ ನೋಡಿದ್ದೆ, ಆಮ್ಲೆಟ್ ಹಾಕಿ ನೋಡಿದ್ದೆ. ಅಲ್ಲಾಡಿರ್ಲಿಲ್ಲ" ಎಂದ, ಪೆಚ್ಚಾಗಿ.

"ಹಿಟ್ಟು ತಿರುವಿ ನೋಡಿದ್ರಾ?"

"ಇಲ್ಲ."

ಅವಳಿಗೆ ನಗು ತಡೆಯಲಾಗಲಿಲ್ಲ. "ರಾಗಿ ತಿನ್ನೋರ ಮನೆ ಗಾಡೀನ ಆಮ್ಲೆಟ್ ಹಾಕಿ ಟೆಸ್ಟ್ ಮಾಡಿದ್ರಂತೆ! ಕೊಡಿ ಇಲ್ಲಿ ಕೋಲು, ಗಂಟಾಗುತ್ತೆ."

ಅವನು ಕೋಲು ಕೊಡಲಿಲ್ಲ. ಎತ್ತಿನಗಾಡಿಗಿರುವಂತೆ ಮುಂದಕ್ಕೆ ಚಾಚಿಕೊಂಡಿದ್ದ ಕಬ್ಬಿಣದ ಮೂಕಿಯನ್ನು ತೋರಿಸಿದ. "ನೀನು ಆ ಮೂಕಿ ಮೇಲೆ ಕೂತ್ಕೊ. ಭಾರ ಬಿದ್ರೆ ನಿಲ್ಲುತ್ತೆ. ಕೆರೆ ಕಡೆ ನೋಡ್ತಿರು. ಇತ್ಲಾಗೆ ತಿರುಗ್ಬೇಡ, ಬೈಸ್ಕೊಂಡು ತಿರುವಕ್ಕಾಗಲ್ಲ ನಂಗೆ."

ಅವಳು ಹೋಗಿ ಕೂತಳು. ಗಾಡಿ ನಿಂತಿತು. ಎದುರಿಗೆ ಕೆರೆಯ ನೀರು, ಬೆಳ್ಳಕ್ಕಿಗಳು. ಹಿಂದೆ ಕೋಲಿನ ಸದ್ದು. ಸದ್ದಿನಲ್ಲೇ ಗಂಟುಗಳು ಅವಳಿಗೆ ಗೊತ್ತಾಗುತ್ತಿದ್ದವು. ಉರಿ ಕಮ್ಮಿ ಮಾಡಿ ಎನ್ನಲು ಎರಡು ಸಲ ಬಾಯಿ ತೆರೆದು ಮುಚ್ಚಿಕೊಂಡಳು. ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೋ ತಿಳಿಯದೆ ಸೆರಗು ಮಡಿಸಿದಳು, ಬಿಚ್ಚಿದಳು, ಕೊನೆಗೆ ಸುಮ್ಮನೆ ಮಡಿಲಲ್ಲಿಟ್ಟುಕೊಂಡಳು. ಗಂಡನ ಮೇಲೆ ಇಷ್ಟೊಂದು ಅಕ್ಕರೆ ತನಗಿನ್ನೂ ಉಳಿದಿದೆಯಲ್ಲ ಎಂದು ಅವಳಿಗೇ ಆಶ್ಚರ್ಯವಾಯಿತು.

ಫೋನ್ ಬಂತು. ಅರುಣಾ.

"ಏನಕ್ಕಾ, ಅಲ್ಲೂ ಒಲೆ ಮುಂದೇನಾ? ಏನಡುಗೆ ಇವತ್ತು?"

ಕೋಮಲಾ ಹಿಂದಕ್ಕೆ ತಿರುಗಲಿಲ್ಲ.

"ಗೊತ್ತಿಲ್ಲ ಕಣೇ" ಎಂದಳು. "ಆದ್ಮೇಲೆ ಊಟಕ್ಕೆ ಕರೀತಾರಂತೆ."