ಅಂಗೈ ನೋಡಿಕೊಳ್ಳದವನು

ಊರಿನ ಕರೆಂಟು ಹಂಚಿಕೆಯ ದಿನ ಸಭೆಗೆ ಬಂದವರೆಲ್ಲ ಮರೆವಿನ ಕಷಾಯ ಕುಡಿಯಬೇಕು. ತಾನು ಯಾರೆಂದು ತಿಳಿಯದವರೇ ನ್ಯಾಯವಾಗಿ ಹಂಚುತ್ತಾರೆ ಎಂಬುದು ಆ ಊರಿನ ಕಾನೂನು. ಸುಲೋಚನಾ ಕುಡಿದಳು. ಹೆಸರು, ಮನೆ, ಗಂಡ ಯಾವುದೂ ಸಂಜೆಯವರೆಗೆ ಅವಳ ನೆನಪಿನಲ್ಲಿರಲಿಲ್ಲ. ಎಲ್ಲರಂತೆ ಅವಳೂ ಅಂಗೈ ಒರಟೋ ನುಣುಪೋ ಎಂದು ನೋಡಿಕೊಂಡು, ತಾನು ಬಡವಳೋ ಸಿರಿವಂತಳೋ ಎಂದು ಊಹಿಸುತ್ತ ಕೂತಳು.

ಎದುರಿಗಿದ್ದ ಮೀಸೆಯವನೊಬ್ಬ ಮಾತ್ರ ಅಂಗೈ ನೋಡಿಕೊಳ್ಳಲಿಲ್ಲ. ಅದು ಅವಳ ಮನಸ್ಸನ್ನು ಕೊರೆಯತೊಡಗಿತು.

"ಕೆರೆಕೇರೀಲಿ ಇರೋದೇ ಹತ್ತು ಮನೆ," ಎಂದನಾತ. "ಅವರ ಕರೆಂಟು ಪೇಟೆಗೆ ಕೊಟ್ರೆ ಊರಿನ ಒಟ್ಟು ಸುಖ ಹೆಚ್ಚಾಗತ್ತೆ."

ಹಲವರು ತಲೆದೂಗಿದರು.

"ಎಲ್ಲರಿಗಿಂತ ಕಷ್ಟದಲ್ಲಿರೋರನ್ನ ಮೊದಲು ನೋಡ್ಬೇಕಲ್ವಾ?" ಎಂದಳು ಸುಲೋಚನಾ. "ಆ ಹತ್ತರಲ್ಲಿ ಒಂದು ನಿಮ್ಮನೆಯೇ ಆಗಿದ್ರೆ?"

"ಆಗಿರಲ್ಲ ಬಿಡಮ್ಮ," ಎಂದು ಆತ ನಕ್ಕ.

"ನಿಮಗೆ ಹೇಗೆ ಗೊತ್ತು?"

ಸಭೆಯೆಲ್ಲ ಅವನತ್ತ ತಿರುಗಿತು. ಕಷಾಯವನ್ನು ಕುಡಿದಂತೆ ನಟಿಸಿ ಚೆಲ್ಲಿದ್ದಾಗಿ ಕೊನೆಗೆ ಆತ ಒಪ್ಪಿಕೊಂಡ. ಅವನ ಮತ ರದ್ದಾಯಿತು, ತಲೆದೂಗಿದವರೂ ಹಿಂದೆ ಸರಿದರು, ಕೆರೆಕೇರಿಯ ದೀಪಗಳು ಉಳಿದವು.

ಸಂಜೆ ನೆನಪು ಮರಳಿದಾಗ ಸುಲೋಚನಾ ಬಾಗಿಲ ಬಳಿಯೇ ನಿಂತುಬಿಟ್ಟಳು. ಮೀಸೆಯವನು ಅವಳ ಗಂಡ ವಾಮನ. ಪೇಟೆಯಲ್ಲಿದ್ದ ಐಸ್ ಕಾರ್ಖಾನೆ ಅವರಿಬ್ಬರದೇ.

"ನಮ್ಮ ಮನೆಗೋಸ್ಕರ ಮಾಡ್ದೆ ಕಣೇ," ಎಂದ ವಾಮನ ತಗ್ಗಿದ ದನಿಯಲ್ಲಿ. "ನೆನಪಿದ್ದಿದ್ರೆ ನೀನೂ ನನ್ನ ಪರವಾಗೇ ಕೈ ಎತ್ತಿರ್ತಿದ್ದೆ."

ಇಲ್ಲ ಎನ್ನಲು ಸುಲೋಚನಾ ಬಾಯಿ ತೆರೆದಳು. ಆದರೆ ಅಷ್ಟು ಖಚಿತವಾಗಿ ಹೇಳುವ ಧೈರ್ಯ ಅವಳಿಗೆ ಬರಲಿಲ್ಲ.